ಸಬ್‌ಟೈಪ್ ಮತ್ತು ಬದಲಿಯೋಗ್ಯತೆ

ತಂತ್ರಾಂಶದ ಒಂದು ಘಟಕವನ್ನು ತೆಗೆದು ಅದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದಾಗ, ಅದನ್ನು ನೆಚ್ಚಿಕೊಂಡಿರುವ ಉಳಿದ ಪ್ರೋಗ್ರಾಮುಗಳು ಮೊದಲಿನಂತೆ ಸರಿಯಾಗಿ ನಡೆಯುತ್ತವೆಯೇ? ಈ ಪ್ರಶ್ನೆಯನ್ನು ಗಣಿತದ ಕಟ್ಟುನಿಟ್ಟಿನಲ್ಲಿ ವಿಚಾರಿಸುವುದು ಔಪಚಾರಿಕ ವಿಧಾನಗಳ ಒಂದು ಮುಖ್ಯ ಭಾಗ. ಹಾಗೆ ಇನ್ನೊಂದರ ಜಾಗದಲ್ಲಿ ನಿಲ್ಲಬಲ್ಲ ಗುಣಕ್ಕೆ ಬದಲಿಯೋಗ್ಯತೆ ಎಂದು ಹೆಸರು; ಆ ಗುಣವುಳ್ಳ ಟೈಪು ಮೂಲ ಟೈಪಿನ ಸಬ್‌ಟೈಪ್ ಎನಿಸುತ್ತದೆ. ಎರಡು ಘಟಕಗಳ ಒಳರಚನೆ ಎಷ್ಟು ಹೋಲುತ್ತದೆ, ಯಾವುದು ಯಾವುದರಿಂದ ಹುಟ್ಟಿತು ಎಂಬುದು ಇಲ್ಲಿ ಗೌಣ. ಮೂಲ ಘಟಕ ತನ್ನ ಬಳಕೆದಾರರಿಗೆ ಕೊಟ್ಟ ಮಾತನ್ನು ಬದಲಿ ಘಟಕ ಉಳಿಸಿಕೊಳ್ಳುತ್ತದೆಯೇ ಎಂಬುದೊಂದೇ ಪರೀಕ್ಷೆ. ಈ ಪರೀಕ್ಷೆಯ ಸ್ವರೂಪವನ್ನು ತಿಳಿಯಲು ತುಂಗಭದ್ರೆಯ ದಡದಲ್ಲೇ ಎರಡು ಒಳ್ಳೆಯ ಪ್ರಸಂಗಗಳಿವೆ: ಒಂದು 14ನೇ ಶತಮಾನದ ಹಂಪಿಯದು, ಇನ್ನೊಂದು 2024ರ ಹೊಸಪೇಟೆಯದು.

ಹಿನ್ನೆಲೆ

ಟೈಪ್ ಎಂದರೆ ಮೊದಮೊದಲು ಬೆಲೆಗಳ ಒಂದು ಗುಂಪು ಎಂದಷ್ಟೇ ಅರ್ಥವಿತ್ತು: ಪೂರ್ಣಾಂಕಗಳು, ಅಕ್ಷರಗಳು, ಸರಿ–ತಪ್ಪುಗಳು. ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ರೂಪಿಸಿದ ಸಿಮುಲಾ 67 ಭಾಷೆಯಲ್ಲಿ ಕ್ಲಾಸ್ ಮತ್ತು ಸಬ್‌ಕ್ಲಾಸ್ ಬಂದವು. ಒಂದು ಕ್ಲಾಸಿನ ಮೇಲೆ ಇನ್ನಷ್ಟು ಸೇರಿಸಿ ಹೊಸ ಕ್ಲಾಸನ್ನು ಕಟ್ಟಬಹುದಾಯಿತು. 1974ರಲ್ಲಿ ಬಾರ್ಬರಾ ಲಿಸ್ಕೊವ್ ಮತ್ತು ಸ್ಟೀಫನ್ ಜಿಲ್ಸ್ ಟೈಪನ್ನು ಅದರ ಮೇಲೆ ನಡೆಸಬಹುದಾದ ಕ್ರಿಯೆಗಳ ಮೂಲಕವೇ ಗುರುತಿಸಬೇಕೆಂದು ವಾದಿಸಿದರು. ಅಷ್ಟರಲ್ಲಿ, 1969ರಲ್ಲೇ, ಟೋನಿ ಹೋರ್ ಪ್ರೋಗ್ರಾಮಿನ ಪ್ರತಿ ತುಣುಕಿಗೂ ಎರಡು ಹೇಳಿಕೆಗಳನ್ನು ಜೋಡಿಸುವ ತರ್ಕವನ್ನು ಕೊಟ್ಟಿದ್ದರು. ತುಣುಕು ಆರಂಭವಾಗುವ ಮುನ್ನ ಏನು ನಿಜವಾಗಿರಬೇಕು ಎಂಬುದು ಪೂರ್ವಷರತ್ತು. ಮುಗಿದ ಮೇಲೆ ಏನು ನಿಜವಾಗಿರುತ್ತದೆ ಎಂಬುದು ಉತ್ತರಷರತ್ತು.

ಈ ಎರಡು ಹೊಳೆಗಳು ಕೂಡಿದ್ದು 1980ರ ದಶಕದಲ್ಲಿ. ಬರ್ಟ್ರಂಡ್ ಮೆಯರ್ ತಮ್ಮ ಐಫೆಲ್ ಭಾಷೆಯಲ್ಲಿ ಷರತ್ತುಗಳನ್ನು ಕ್ಲಾಸಿನ ಪಠ್ಯದಲ್ಲೇ ಬರೆಯುವ ಏರ್ಪಾಟು ಮಾಡಿ, ಇಡೀ ವಿನ್ಯಾಸವನ್ನೇ ಒಂದು ಕರಾರು ಎಂದು ಕಂಡರು. ಫಿಲಿಪ್ಸ್ ಸಂಶೋಧನಾಲಯದ ಪಿಯರ್ ಅಮೆರಿಕ ಸಬ್‌ಟೈಪನ್ನು ನಡವಳಿಕೆಯ ಸಂಬಂಧವೆಂದು ನಿರೂಪಿಸಿದರು. 1987ರಲ್ಲಿ ಲಿಸ್ಕೊವ್ ಒಂದು ಸಮ್ಮೇಳನದ ಮುಖ್ಯ ಭಾಷಣದಲ್ಲಿ ಬದಲಿಯೋಗ್ಯತೆಯ ಪ್ರಸಿದ್ಧ ಸೂತ್ರವನ್ನು ಮಂಡಿಸಿದರು. ಮೂಲ ಟೈಪನ್ನು ನಂಬಿ ಬರೆದ ಯಾವ ಪ್ರೋಗ್ರಾಮಿನಲ್ಲಾದರೂ ಸಬ್‌ಟೈಪಿನ ವಸ್ತುವನ್ನಿಟ್ಟಾಗ ಆ ಪ್ರೋಗ್ರಾಮಿನ ನಡವಳಿಕೆ ಬದಲಾಗಬಾರದು ಎಂಬುದು ಅದರ ಸಾರ. ಅಕ್ಷರಶಃ ಹಿಡಿದರೆ ಇದು ವಿಪರೀತ ಬಿಗಿ. ನಡವಳಿಕೆ ಒಂದಿಷ್ಟೂ ಬದಲಾಗಬಾರದೆಂದರೆ ಮೂಲದ ತದ್ರೂಪಕ್ಕೆ ಮಾತ್ರ ಜಾಗ ಉಳಿಯುತ್ತದೆ. 1994ರಲ್ಲಿ ಲಿಸ್ಕೊವ್ ಮತ್ತು ಜೆನೆಟ್ ವಿಂಗ್ ಬರೆದ ಲೇಖನ ಈ ತೊಡಕನ್ನು ಬಿಡಿಸಿತು. ಮೂಲ ಟೈಪಿನ ಸ್ಪೆಸಿಫಿಕೇಶನ್‌ನಿಂದ (ಅಂದರೆ ಅದರ ಲಿಖಿತ ಕರಾರಿನಿಂದ) ಏನೇನನ್ನು ಸಾಧಿಸಿ ತೋರಿಸಬಹುದೋ ಅದೆಲ್ಲವೂ ಸಬ್‌ಟೈಪಿನ ವಸ್ತುಗಳಿಗೂ ನಿಜವಾಗಿರಬೇಕು ಎಂದು ಅವರು ತಿದ್ದಿ ಹೇಳಿದರು. ಇಂದು ಪಠ್ಯಗಳಲ್ಲಿ ಹೆಚ್ಚಾಗಿ ಕಾಣುವುದು ಮೊದಲ ಮಾತು. ಕೆಲಸಕ್ಕೆ ಬರುವುದು ಎರಡನೆಯದು.

19ನೇ ಗೇಟು: ಒಂದು ಕರಾರಿನ ಪರೀಕ್ಷೆ

ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿಗೆ 33 ಕ್ರಸ್ಟ್ ಗೇಟುಗಳಿವೆ. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಜಲಾಶಯದ ಪೂರ್ಣ ಮಟ್ಟ 1,633 ಅಡಿ. ಇಂಥ ಗೇಟನ್ನು ಒಂದು ಟೈಪ್ ಎಂದುಕೊಂಡು, ವಿವರಣೆಗಾಗಿ ಸರಳಗೊಳಿಸಿ, ಅದರ ಕರಾರು ಬರೆಯೋಣ. ‘ಎತ್ತು’ ಎಂಬ ಕ್ರಿಯೆಗೆ ಎಷ್ಟು ಅಡಿ ಎಂದು ಹೇಳಬೇಕು. ಪೂರ್ವಷರತ್ತು: ಹೇಳಿದ ಅಳತೆ 0ಯಿಂದ 20 ಅಡಿಯೊಳಗಿರಬೇಕು. ಉತ್ತರಷರತ್ತು: ಕ್ರಿಯೆ ಮುಗಿದಾಗ ಗೇಟಿನ ಕೆಳಗಿನ ತೆರವು ಹೇಳಿದಷ್ಟೇ ಇರಬೇಕು. ಸ್ಥಿರನಿಯಮ: ಯಾವ ಗಳಿಗೆಯಲ್ಲಿ ನೋಡಿದರೂ ತೆರವು 0–20 ಅಡಿಯ ಮಿತಿಯಲ್ಲಿರಬೇಕು. ಇವುಗಳ ಜೊತೆಗೆ ಕಾಲಕ್ರಮಕ್ಕೆ ಸಂಬಂಧಿಸಿದ ಇನ್ನೊಂದು ನಿರ್ಬಂಧ: ಗೇಟು ಎತ್ತಿದ, ಇಳಿಸಿದ ದಾಖಲೆಯ ಸಾಲುಗಳು ಹೆಚ್ಚುತ್ತಾ ಹೋಗಬಹುದೇ ಹೊರತು ಒಮ್ಮೆ ಬರೆದದ್ದು ಅಳಿಯಬಾರದು.

ಈಗ ಈ ಗೇಟಿನ ಜಾಗಕ್ಕೆ ಬರಬಹುದಾದ ಅಭ್ಯರ್ಥಿಗಳನ್ನು ನೋಡಬಹುದು. ಹಳೆಯದು ಮಾಡುವುದನ್ನೆಲ್ಲ ಮಾಡಿ, ಮೇಲೆ ತನ್ನ ಚೈನಿನ ಎಳೆತವನ್ನೂ ಅಳೆದು ತಿಳಿಸುವ ಗೇಟು ನಿಸ್ಸಂದೇಹವಾಗಿ ಸಬ್‌ಟೈಪ್. ಜಲಾಶಯ 1,630 ಅಡಿಗಿಂತ ಕೆಳಗಿದ್ದಾಗ ಮಾತ್ರ ಏಳುವ ಗೇಟು ಸಬ್‌ಟೈಪ್ ಅಲ್ಲ. ಹಳೆಯ ಕರಾರಿನಲ್ಲಿಲ್ಲದ ಹೊಸ ಬೇಡಿಕೆಯನ್ನು ಅದು ಬಳಕೆದಾರನ ಮೇಲೆ ಹೊರಿಸುತ್ತದೆ. 10 ಅಡಿ ಎಂದರೆ 9ಕ್ಕೋ 11ಕ್ಕೋ ನಿಲ್ಲುವ ಗೇಟೂ ಅಲ್ಲ, ಅದು ಕೊಡಬೇಕಾದದ್ದಕ್ಕಿಂತ ಕಡಿಮೆ ಭರವಸೆ ಕೊಡುತ್ತದೆ. ಇದರಿಂದಲೇ ಮೂಲ ನಿಯಮ ಹೊರಡುತ್ತದೆ: ಸಬ್‌ಟೈಪ್ ತನ್ನ ಪೂರ್ವಷರತ್ತನ್ನು ಸಡಿಲಿಸಬಹುದು, ಬಿಗಿಗೊಳಿಸಬಾರದು, ಉತ್ತರಷರತ್ತನ್ನು ಬಿಗಿಗೊಳಿಸಬಹುದು, ಸಡಿಲಿಸಬಾರದು. ಇದಕ್ಕೊಂದು ಸೂಕ್ಷ್ಮವಿದೆ. ಹಳೆಯ ಪೂರ್ವಷರತ್ತು ಪಾಲನೆಯಾದ ಸಂದರ್ಭಗಳಲ್ಲಿ ಮಾತ್ರ ಹಳೆಯ ಉತ್ತರಷರತ್ತು ಈಡೇರಿದರೆ ಸಾಕು. 22 ಅಡಿಯವರೆಗೂ ಏಳಬಲ್ಲ ಹೊಸ ಗೇಟು 20ರಾಚೆ ಹೇಗೆ ನಡೆದುಕೊಳ್ಳುತ್ತದೆ ಎಂಬುದರ ಬಗ್ಗೆ ಹಳೆಯ ಬಳಕೆದಾರನಿಗೆ ಯಾವ ಮಾತೂ ಕೊಟ್ಟಿರಲಿಲ್ಲ. ಆದರೆ ಸ್ಥಿರನಿಯಮವನ್ನು ಆ ಗೇಟು ಮುರಿಯುತ್ತದೆ! ತೆರವು 20 ಮೀರದು ಎಂದು ನಂಬಿ ನೀರಿನ ಲೆಕ್ಕ ಹಾಕುವ ಪ್ರೋಗ್ರಾಮು, ಬೇರೆ ಯಾರೋ ಗೇಟನ್ನು 22ಕ್ಕೆ ಎತ್ತಿದ ದಿನ ತಪ್ಪು ಉತ್ತರ ಕೊಡುತ್ತದೆ. ಕ್ರಿಯೆಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಸಾಲದು ಎನ್ನುವುದು ಇದಕ್ಕೇ.

ದಾಖಲೆಯನ್ನು ಅಳಿಸುವ ಹೆಚ್ಚುವರಿ ಕ್ರಿಯೆಯಿರುವ ಗೇಟಿನ ಕಥೆಯೂ ಹೀಗೆಯೇ. ಹಳೆಯ ಕ್ರಿಯೆಗಳೆಲ್ಲ ಅದರಲ್ಲಿ ಚಾಚೂ ತಪ್ಪದೆ ನಡೆಯುತ್ತವೆ. ಆದರೆ ಒಂದೇ ಗೇಟನ್ನು ಎರಡು ಪ್ರೋಗ್ರಾಮುಗಳು ಹಿಡಿದಿದ್ದು, ಒಂದು ಅದನ್ನು ಹಳೆಯ ಟೈಪೆಂದೂ ಇನ್ನೊಂದು ಹೊಸ ಟೈಪೆಂದೂ ಕಂಡರೆ, ಎರಡನೆಯದು ಅಳಿಸಿದ ಸಾಲು ಮೊದಲನೆಯದರ ನಂಬಿಕೆಯನ್ನು ಕೆಡಿಸುತ್ತದೆ. ಲಿಸ್ಕೊವ್–ವಿಂಗ್ ಲೇಖನದ ಅತ್ಯಂತ ಬೆಲೆಬಾಳುವ ಕೊಡುಗೆ ಇಲ್ಲಿದೆ. ಅವರ ಹಿಂದಿನವರು ಕ್ರಿಯೆಗಳ ಷರತ್ತುಗಳನ್ನೂ ಸ್ಥಿರನಿಯಮವನ್ನೂ ಹೋಲಿಸಿದ್ದರು. ಒಂದು ಸ್ಥಿತಿಗೂ ಅದರ ಮುಂದಿನ ಯಾವುದೇ ಸ್ಥಿತಿಗೂ ಇರಬೇಕಾದ ಸಂಬಂಧವನ್ನು, ಅಂದರೆ ಚರಿತ್ರೆಯ ನಿರ್ಬಂಧವನ್ನು, ಸಬ್‌ಟೈಪಿನ ವ್ಯಾಖ್ಯೆಯೊಳಗೇ ಸೇರಿಸಿದವರು ಇವರು.

2024ರ ಆಗಸ್ಟ್ 10ರ ರಾತ್ರಿ ಈ ಅಣೆಕಟ್ಟಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಮುಂಗಾರಿನ ನೀರು ತುಂಬಿ ನಿಂತಿದ್ದ ಹೊತ್ತು. ಮೂರು ರಾಜ್ಯಗಳ ರೈತರ ಬೆಳೆ ಆ ನೀರನ್ನು ನೆಚ್ಚಿಕೊಂಡಿತ್ತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹೊಸಪೇಟೆ ಮತ್ತು ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಕಡೆಯ ಕಾರ್ಖಾನೆಗಳಲ್ಲಿ ಸಿದ್ಧಪಡಿಸಿದ ಸ್ಟಾಪ್‌ಲಾಗ್ ಗೇಟಿನ ಐದು ತುಂಡುಗಳನ್ನು ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿ ಆಗಸ್ಟ್ 17ರ ವೇಳೆಗೆ ಹರಿವನ್ನು ನಿಲ್ಲಿಸಲಾಯಿತು. ಕೆಲಸಗಾರರ ಮತ್ತು ಎಂಜಿನಿಯರರ ಆ ಸಾಹಸ ದೊಡ್ಡದು. ಅಣೆಕಟ್ಟಿನ ಕೆಳಗಿನ ಕಂಪ್ಲಿಯ ಗದ್ದೆಗಳಲ್ಲಿ ನಿಂತವರಿಗೂ ಅದರ ಬೆಲೆ ಗೊತ್ತು.

ಆ ಸ್ಟಾಪ್‌ಲಾಗ್ ಕ್ರಸ್ಟ್ ಗೇಟಿನ ಸಬ್‌ಟೈಪೇ? ‘ನೀರನ್ನು ತಡೆ’ ಎಂಬ ಒಂದೇ ಕ್ರಿಯೆಯಿರುವ ಟೈಪನ್ನು ನೆಚ್ಚಿದವರಿಗೆ ಹೌದು. ಜಲಾಶಯದಲ್ಲಿ ನೀರು ಉಳಿದರೆ ಸಾಕೆನ್ನುವ ಕಾಲುವೆ ರೈತ ಆ ಸಾಲಿಗೆ ಸೇರಿದವನು. ಪ್ರವಾಹ ಬಂದಾಗ ‘ಇಷ್ಟು ಅಡಿ ಎತ್ತು’ ಎಂದು ಆಜ್ಞೆ ಕೊಡಬೇಕಾದ ಎಂಜಿನಿಯರಿಗೆ ಅದು ಸಬ್‌ಟೈಪ್ ಅಲ್ಲ, ಬೇಕಾದಾಗ ಬೇಕಾದಷ್ಟು ಏಳುವ ಮಾತನ್ನು ಸ್ಟಾಪ್‌ಲಾಗ್ ಕೊಟ್ಟಿಲ್ಲ. ಜಾಗ ಒಂದೇ, ವಸ್ತು ಒಂದೇ. ಆದರೂ ಯಾವ ಕರಾರಿನ ಕನ್ನಡಕದಿಂದ ನೋಡುತ್ತೇವೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ‘ಇದು ಅದರ ಬದಲಿಗೆ ಆಗುತ್ತದೆಯೇ’ ಎಂಬ ಪ್ರಶ್ನೆ ‘ಯಾರಿಗೆ, ಯಾವ ಕರಾರಿನ ಪ್ರಕಾರ’ ಎಂದು ಸೇರಿಸುವವರೆಗೆ ಅಪೂರ್ಣ.

ಪರಿಷ್ಕರಣ

ಸಬ್‌ಟೈಪಿನ ಹತ್ತಿರದ ಬಂಧು ಪರಿಷ್ಕರಣ. ಅಮೂರ್ತ ಸ್ಪೆಸಿಫಿಕೇಶನ್‌ನಿಂದ ಆರಂಭಿಸಿ, ಪ್ರತಿ ಹೆಜ್ಜೆಯಲ್ಲೂ ಹಿಂದಿನದರ ಮಾತನ್ನು ಉಳಿಸಿಕೊಳ್ಳುತ್ತಾ, ಓಡುವ ಪ್ರೋಗ್ರಾಮಿನವರೆಗೆ ಇಳಿಯುವ ಕ್ರಮವಿದು. ಹೋರ್ 1972ರಲ್ಲಿ ದತ್ತಾಂಶದ ಒಳರೂಪವನ್ನು ಬದಲಿಸಿದಾಗ ಅದು ಸರಿಯೆಂದು ಸಾಧಿಸುವ ಬಗೆಯನ್ನು ತೋರಿಸಿದರು. ವಿಡಿಎಂ, ಝಡ್, ಬಿ ಮತ್ತು ಇವೆಂಟ್-ಬಿ ವಿಧಾನಗಳೆಲ್ಲ ಇದರ ಮೇಲೆ ನಿಂತಿವೆ. ಹೊಸಪೇಟೆಯ ಬಸವಣ್ಣ ಕಾಲುವೆಯ ಚರಿತ್ರೆ ಇದಕ್ಕೆ ಹೊಂದುತ್ತದೆ. ವಿಜಯನಗರ ಕಾಲದ ಈ ಕಾಲುವೆಗೆ ನೀರು ಬರುತ್ತಿದ್ದುದು ವಲ್ಲಭಾಪುರದ ಒಡ್ಡಿನಿಂದ. 1953ರಲ್ಲಿ ನೀರು ನಿಲ್ಲಿಸಿದ ಜಲಾಶಯದಲ್ಲಿ ಒಡ್ಡು ಮುಳುಗಿತು, ಕಾಲುವೆಗೆ ಜಲಾಶಯದಿಂದಲೇ ನೀರು ಬಿಡುವಂತಾಯಿತು. ತೂಬಿನ ಬಳಿ ನಿಂತ ರೈತನ ಮಟ್ಟಿಗೆ ಕಾಲುವೆ ಅದೇ ಕಾಲುವೆ.

ಪರಿಷ್ಕರಣದಲ್ಲಿ ಹಳೆಯದನ್ನು ಪೂರ್ತಿ ಮರೆಮಾಡಿ ಹೊಸದನ್ನು ಇಡುತ್ತೇವೆ. ಸಬ್‌ಟೈಪಿನಲ್ಲಿ ಹಳೆಯದೂ ಹೊಸದೂ ಒಟ್ಟಿಗೆ ಬದುಕುತ್ತವೆ, ಹೊಸದಕ್ಕೆ ಹೆಚ್ಚಿನ ಕ್ರಿಯೆಗಳೂ ಇರುತ್ತವೆ. ಚರಿತ್ರೆಯ ನಿರ್ಬಂಧ ಪರಿಷ್ಕರಣದಲ್ಲಿ ಅಷ್ಟಾಗಿ ಕಾಡದೆ ಸಬ್‌ಟೈಪಿನಲ್ಲಿ ಕಾಡುವುದು ಇದರಿಂದ.

ಹುಟ್ಟು ಬೇರೆ, ಯೋಗ್ಯತೆ ಬೇರೆ

ವಿಲಿಯಂ ಕುಕ್, ವಾಲ್ಟರ್ ಹಿಲ್ ಮತ್ತು ಪೀಟರ್ ಕ್ಯಾನಿಂಗ್ 1990ರ ಲೇಖನವೊಂದರಲ್ಲಿ ಆನುವಂಶಿಕತೆ ಬೇರೆ, ಸಬ್‌ಟೈಪ್ ಬೇರೆ ಎಂದು ಸಾಧಿಸಿದರು. ಕೋಡನ್ನು ಎರವಲು ಪಡೆದ ಮಾತ್ರಕ್ಕೆ ಒಂದು ಕ್ಲಾಸ್ ಇನ್ನೊಂದರ ಜಾಗದಲ್ಲಿ ನಿಲ್ಲಲಾರದು. ಒಂದಕ್ಷರದ ಕೋಡನ್ನೂ ಹಂಚಿಕೊಳ್ಳದ ಎರಡು ಕ್ಲಾಸ್‌ಗಳು ಒಂದಕ್ಕೊಂದು ಬದಲಿಯಾಗಬಲ್ಲವು. ಕೊನೆಗೆ ಹಾಕಿದ್ದನ್ನು ಮೊದಲು ಕೊಡುವ ಸ್ಟ್ಯಾಕ್ ಮತ್ತು ಮೊದಲು ಹಾಕಿದ್ದನ್ನು ಮೊದಲು ಕೊಡುವ ಕ್ಯೂ ಎರಡೂ ‘ಹಾಕು, ತೆಗೆ’ ಎಂಬ ಕ್ರಿಯೆಗಳಷ್ಟೇ ಇರುವ ಚೀಲದ ಸಬ್‌ಟೈಪ್‌ಗಳು. ಯಾವುದನ್ನು ಮೊದಲು ತೆಗೆಯಬೇಕೆಂದು ಚೀಲದ ಕರಾರು ಹೇಳಿಲ್ಲ. ಆದರೆ ಸ್ಟ್ಯಾಕ್ ಕ್ಯೂವಿನ ಬದಲಿಗೆ ಆಗದು.

ಕ್ರಿಯೆಗಳ ಟೈಪುಗಳನ್ನಷ್ಟೇ ನೋಡುವ ಸರಳ ಮಟ್ಟದಲ್ಲೂ ಇದೇ ತರ್ಕ ನಡೆಯುತ್ತದೆ. ಲೂಕ ಕಾರ್ಡೆಲ್ಲಿ 1984ರಲ್ಲಿ ವಿವರಿಸಿದಂತೆ, ಬದಲಿ ಕ್ರಿಯೆ ಒಳಗೆ ತೆಗೆದುಕೊಳ್ಳುವುದರಲ್ಲಿ ಹೆಚ್ಚು ಉದಾರವಾಗಿರಬೇಕು, ಹೊರಗೆ ಕೊಡುವುದರಲ್ಲಿ ಹೆಚ್ಚು ನಿಖರವಾಗಿರಬೇಕು. ಜಾವಾ ಭಾಷೆಯ ಅರೇಗಳು ಈ ನಿಯಮವನ್ನು ಮೀರುತ್ತವೆ. ಆದ್ದರಿಂದ ಕಂಪೈಲರ್ ಒಪ್ಪಿದ ಪ್ರೋಗ್ರಾಮು ಓಡುವಾಗ ಅರೇಗೆ ಬೆಲೆ ತುಂಬುವ ಗಳಿಗೆಯಲ್ಲಿ ಎಡವಬಹುದು. ಅದೇ ಭಾಷೆಯ ಸಂಗ್ರಹ ಕ್ಲಾಸ್‌ಗಳಲ್ಲಿ ಕೆಲವು ಕ್ರಿಯೆಗಳನ್ನು ‘ಐಚ್ಛಿಕ’ ಎಂದು ಸಾರಿ, ಬೇಡವಾದ ಕಡೆ ದೋಷ ಎಸೆದು ಕೈತೊಳೆದುಕೊಳ್ಳಲು ಬಿಟ್ಟಿದ್ದಾರೆ. ವ್ಯಾಖ್ಯೆಯ ಮಟ್ಟಿಗೆ ಇದು ಸರಿ, ಮೂಲ ಕರಾರೇ ‘ಆಗದಿರಬಹುದು’ ಎನ್ನುತ್ತದೆ. ಆದರೆ ಅಂಥ ಕರಾರನ್ನು ನೆಚ್ಚಿ ಯಾರೂ ಏನನ್ನೂ ಸಾಧಿಸಲಾರರು. ಬದಲಿಗಳಿಗೆ ಅವಕಾಶ ಬಿಡುವಷ್ಟು ಸಡಿಲ, ಬಳಕೆದಾರನಿಗೆ ಉಪಯೋಗವಾಗುವಷ್ಟು ಬಿಗಿ: ಈ ಹದದಲ್ಲಿ ಮೂಲ ಟೈಪಿನ ಕರಾರನ್ನು ಬರೆಯುವುದೇ ಈ ವಿದ್ಯೆಯ ಕಷ್ಟದ ಭಾಗ.

ಹಂಪಿಯ ಪ್ರತಿನಿಧಿ ವಿಚಾರ

ಹಂಪಿಯಲ್ಲಿ ಆಳಿದ ವಿಜಯನಗರದ ಅರಸ ಬುಕ್ಕರಾಯನ (1356–1377) ಆಶ್ರಯದಲ್ಲಿ, ವೇದಭಾಷ್ಯಕಾರ ಸಾಯಣನ ಅಣ್ಣ ಮಾಧವಾಚಾರ್ಯ ‘ಜೈಮಿನೀಯ ನ್ಯಾಯಮಾಲಾ’ವನ್ನೂ ಅದಕ್ಕೆ ‘ವಿಸ್ತರ’ವೆಂಬ ವ್ಯಾಖ್ಯಾನವನ್ನೂ ರಚಿಸಿದ. ಜೈಮಿನಿಯ ಪೂರ್ವಮೀಮಾಂಸೆಯ 12 ಅಧ್ಯಾಯಗಳ ಒಂದೊಂದು ಅಧಿಕರಣವನ್ನೂ, ಅಂದರೆ ಚರ್ಚೆಯ ಘಟಕವನ್ನೂ, ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತಗಳಾಗಿ ಬಿಡಿಸಿ ಪದ್ಯಗಳಲ್ಲಿ ಅಡಕಗೊಳಿಸಿದ ಗ್ರಂಥವಿದು. ಯಜ್ಞವಿಧಿಗಳೆಂಬ ಸ್ಪೆಸಿಫಿಕೇಶನ್‌ಗಳನ್ನು ಹೇಗೆ ಓದಬೇಕು, ಒಂದರಿಂದ ಇನ್ನೊಂದನ್ನು ಹೇಗೆ ಪಡೆಯಬೇಕು ಎಂಬುದು ಅದರ ವಸ್ತು. ತಂತ್ರಾಂಶ ಶಾಸ್ತ್ರ ಮೀಮಾಂಸೆಯಿಂದ ಹುಟ್ಟಿತು ಎನ್ನುವುದು ಸುಳ್ಳು ಚರಿತ್ರೆ. ಎರಡರ ನಡುವೆ ಅಂಥ ನಂಟಿಲ್ಲ. ಆದರೆ ಪ್ರಶ್ನೆ ಒಂದೇ ಬಗೆಯದು, ಮತ್ತು ಕೆಲವು ಉತ್ತರಗಳ ಹರಿತ ಈಗಲೂ ಬೆರಗು ಹುಟ್ಟಿಸುತ್ತದೆ.

ಆರನೆಯ ಅಧ್ಯಾಯದ ಮೂರನೆಯ ಪಾದ ಪ್ರತಿನಿಧಿಯನ್ನು, ಅಂದರೆ ಬದಲಿ ದ್ರವ್ಯವನ್ನು, ಕುರಿತದ್ದು. ವಿಧಿಯಲ್ಲಿ ಹೇಳಿದ ವ್ರೀಹಿ, ಅಂದರೆ ಬೆಳೆದ ಭತ್ತ, ಸಿಗದಿದ್ದರೆ ಅದನ್ನು ಹೆಚ್ಚು ಹೋಲುವ ನೀವಾರ, ಅಂದರೆ ಕಾಡುಭತ್ತ, ಬಳಸಬಹುದು. ಸೋಮಲತೆ ಸಿಗದಿದ್ದರೆ ಪೂತೀಕವನ್ನು ಬಳಸಬೇಕು, ಇದಕ್ಕೆ ವೇದವಾಕ್ಯವೇ ಆಧಾರ. ಹೋಲಿಕೆಯಿಂದ ಬಂದ ಬದಲಿ ಒಂದು, ಘೋಷಣೆಯಿಂದ ಬಂದ ಬದಲಿ ಇನ್ನೊಂದು. ಇಂದಿನ ಭಾಷೆಗಳಲ್ಲೂ ಈ ಇಬ್ಭಾಗವಿದೆ: ಗೋ ಭಾಷೆಯಲ್ಲಿ ರಚನೆ ಹೊಂದಿದರೆ ಸಾಕು, ಜಾವಾದಲ್ಲಿ ‘ಇದು ಅದರ ಸಬ್‌ಟೈಪ್’ ಎಂದು ಬಾಯಿಬಿಟ್ಟು ಸಾರಬೇಕು. ಎಷ್ಟೇ ಹೋಲಿದರೂ ಯಜ್ಞಕ್ಕೆ ನಿಷಿದ್ಧವಾದ ಧಾನ್ಯ ಪ್ರತಿನಿಧಿಯಾಗದು ಎಂಬ ಅಧಿಕರಣವೂ ಅಲ್ಲಿದೆ.

ದೇವತೆ, ಅಗ್ನಿ, ಮಂತ್ರ, ಕ್ರಿಯೆ ಈ ನಾಲ್ಕಕ್ಕೆ ಪ್ರತಿನಿಧಿಯೇ ಇಲ್ಲ ಎಂದು ಮೀಮಾಂಸಕರು ತೀರ್ಮಾನಿಸಿದರು. ಕಾರಣ ಮನನೀಯ. ಭತ್ತದ ಪ್ರಯೋಜನ ಕಣ್ಣಿಗೆ ಕಾಣುತ್ತದೆ: ಅಕ್ಕಿಯಾಗುತ್ತದೆ, ಆಹುತಿಯ ರೊಟ್ಟಿಯಾದ ಪುರೋಡಾಶವಾಗುತ್ತದೆ. ಮಂತ್ರದ, ದೇವತೆಯ ಪ್ರಯೋಜನ ಅದೃಷ್ಟ, ಅಂದರೆ ಕಣ್ಣಿಗೆ ಕಾಣದ್ದು, ಶಾಸ್ತ್ರದಿಂದ ಮಾತ್ರ ತಿಳಿಯುವಂಥದ್ದು. ಇನ್ನೊಂದನ್ನು ಇಟ್ಟರೆ ಅದೇ ಫಲ ಬಂದೀತೆಂದು ಪರಿಶೀಲಿಸಲು ದಾರಿಯಿಲ್ಲ. ಹೊರಗಿನಿಂದ ಗಮನಿಸಬಹುದಾದ ಗುಣಗಳಲ್ಲೇ ಸ್ಪೆಸಿಫಿಕೇಶನ್ ಬರೆಯಬೇಕೆಂದು ಇಂದಿನ ತಜ್ಞರು ಒತ್ತಾಯಿಸುವುದರ ಹಿಂದೆಯೂ ಇದೇ ಎಚ್ಚರವಿದೆ.

ಇನ್ನೊಂದು ನಿಯಮ: ಪ್ರತಿನಿಧಿಯೂ ನಷ್ಟವಾದರೆ ಮುಂದಿನ ಬದಲಿಯನ್ನು ಮೂಲ ದ್ರವ್ಯಕ್ಕೆ ಹೋಲಿಸಿ ಹುಡುಕಬೇಕು, ಕಳೆದುಹೋದ ಪ್ರತಿನಿಧಿಗೆ ಹೋಲಿಸಿ ಅಲ್ಲ. ಹೋಲಿಕೆಯನ್ನು ಸರಪಳಿಯಾಗಿ ಹೆಣೆದರೆ ನಾಲ್ಕನೆಯ ಕೊಂಡಿಯ ಹೊತ್ತಿಗೆ ಮೂಲಕ್ಕೂ ಬದಲಿಗೂ ಸಂಬಂಧವೇ ಉಳಿಯದಿರಬಹುದು. ನಡವಳಿಕೆಯ ಸಬ್‌ಟೈಪಿಗೆ ಈ ಭಯವಿಲ್ಲ, ಏಕೆಂದರೆ ಅದು ಸಂಕ್ರಮಣ ಸಂಬಂಧ: ಸಬ್‌ಟೈಪಿನ ಸಬ್‌ಟೈಪ್ ಮೂಲಕ್ಕೂ ಸಬ್‌ಟೈಪೇ. ಹೋಲಿಕೆಗೂ ಕರಾರಿಗೂ ಇರುವ ಅಂತರ ಇಲ್ಲಿ ನಿಚ್ಚಳವಾಗಿದೆ.

ಹತ್ತನೆಯ ಅಧ್ಯಾಯದ ಬಾಧ ಪ್ರಕರಣ, ಅಂದರೆ ಅಂಗವೊಂದನ್ನು ಕೈಬಿಡುವ ವಿಚಾರ, ಇನ್ನೂ ಸೊಗಸಾದದ್ದು. ಮೂಲ ಯಾಗವಾದ ಪ್ರಕೃತಿಯಿಂದ ವಿಕೃತಿ ಯಾಗಕ್ಕೆ ಅಂಗಗಳೆಲ್ಲ ಅತಿದೇಶದಿಂದ ಹರಿದುಬರುತ್ತವೆ. ಅಗ್ನಿಯ ಜಾಗದಲ್ಲಿ ಸೂರ್ಯ ದೇವತೆಯಾದರೆ ಮಂತ್ರದಲ್ಲಿನ ಹೆಸರು ಬದಲಾಗಬೇಕು. ಅದು ಒಂಬತ್ತನೆಯ ಅಧ್ಯಾಯದ ಊಹ. ಆದರೆ ಚಿನ್ನದ ಗುಲಗಂಜಿಗಳಾದ ಕೃಷ್ಣಲಗಳನ್ನು ಆಹುತಿ ಕೊಡುವ ಇಷ್ಟಿಯಲ್ಲಿ ಭತ್ತ ಕುಟ್ಟುವ ವಿಧಿಯೂ ಬರಬೇಕೇ? ಬೇಡ ಎಂಬುದು ಸಿದ್ಧಾಂತ. ಕುಟ್ಟುವುದರ ಪ್ರಯೋಜನ ಹೊಟ್ಟು ಹೋಗುವುದು. ಚಿನ್ನಕ್ಕೆ ಹೊಟ್ಟೇ ಇಲ್ಲ. ಕರಾರಿನ ಮಾತಿನಲ್ಲಿ ಹೇಳುವುದಾದರೆ, ಏನೂ ಮಾಡದೆಯೇ ಉತ್ತರಷರತ್ತು ಈಡೇರಿದೆ. ಸಬ್‌ಕ್ಲಾಸಿನಲ್ಲಿ ಒಂದು ಕ್ರಿಯೆಯನ್ನು ಖಾಲಿ ಬಿಡುವುದು ಯಾವಾಗ ಸರಿ ಎಂದು ಕೇಳುವ ವಿದ್ಯಾರ್ಥಿಗೆ ಇದಕ್ಕಿಂತ ಚೊಕ್ಕ ಉದಾಹರಣೆ ಸಿಗದು.

ಆದೇಶವನ್ನು (ಬದಲಿಯಾಗಿ ಬಂದ ರೂಪವನ್ನು) ಸ್ಥಾನಿಯಂತೆಯೇ (ಅದು ಜಾಗ ಹಿಡಿದ ಮೂಲರೂಪದಂತೆಯೇ) ಕಾಣಬೇಕು, ಆದರೆ ವರ್ಣಗಳನ್ನೇ ಅವಲಂಬಿಸಿದ ವಿಧಿಗಳಲ್ಲಿ ಹಾಗಲ್ಲ ಎಂಬ ಪಾಣಿನಿಯ ನಿಯಮವನ್ನೂ ಇಲ್ಲಿ ನೆನೆಯಬೇಕು. ಒಳರೂಪವನ್ನು ಇಣುಕಿ ನೋಡುವ ಬಳಕೆದಾರನಿಗೆ ಬದಲಿಯ ಭರವಸೆ ಸಲ್ಲುವುದಿಲ್ಲ ಎನ್ನುವುದು ದತ್ತಾಂಶ ಅಮೂರ್ತತೆಯ ನಿಯಮವೂ ಹೌದು.

ಸಾಧನೆ ಮತ್ತು ಸಲಕರಣೆಗಳು

ಟೈಪುಗಳ ಹೊಂದಾಣಿಕೆಯನ್ನು ಕಂಪೈಲರ್ ತಾನೇ ಪರೀಕ್ಷಿಸಬಲ್ಲದು, ಅದೂ ಎಲ್ಲ ಕಡೆ ಅಲ್ಲ: ಎಫ್-ಸಬ್ ಎಂಬ ಕಲನದಲ್ಲಿ ಈ ಪರೀಕ್ಷೆ ಅನಿರ್ಧಾರ್ಯ, ಅಂದರೆ ಯಾವ ಯಾಂತ್ರಿಕ ಕ್ರಮವೂ ಸದಾ ತೀರ್ಮಾನಿಸಲಾಗದ್ದು, ಎಂದು ಬೆಂಜಮಿನ್ ಪಿಯರ್ಸ್ 1992ರಲ್ಲಿ ತೋರಿಸಿದರು. ನಡವಳಿಕೆಯ ಹೊಂದಾಣಿಕೆಯಂತೂ ಸಾಮಾನ್ಯವಾಗಿ ಅನಿರ್ಧಾರ್ಯ. ಹಾಗಾಗಿ ಮನುಷ್ಯ ಕರಾರು ಬರೆದು, ಯಂತ್ರದ ನೆರವಿನಿಂದ ಸಾಧಿಸಬೇಕು. ಜಾವಾಕ್ಕಾಗಿ ಜೆಎಂಎಲ್ ಎಂಬ ಕರಾರು ಬರೆಯುವ ಭಾಷೆ ಇದೆ. ಅದರಲ್ಲಿ ಮೂಲದ ಸ್ಪೆಸಿಫಿಕೇಶನ್ ಸಬ್‌ಟೈಪಿಗೆ ತಾನಾಗಿ ಹರಿಯುವುದರಿಂದ ಕರಾರು ಮೀರುವ ಸಬ್‌ಕ್ಲಾಸ್ ಸಾಧನೆಯಲ್ಲಿ ಸಿಕ್ಕಿಬೀಳುತ್ತದೆ. ಡ್ಯಾಫ್ನಿ ಎಂಬ ಭಾಷೆಯಲ್ಲಿ ಪ್ರೋಗ್ರಾಮು ಬರೆಯುವಾಗಲೇ ಪರೀಕ್ಷೆ ನಡೆಯುತ್ತದೆ. 1998ರಲ್ಲಿ ತೆರೆದ ಪ್ಯಾರಿಸ್ ಮೆಟ್ರೋದ ಚಾಲಕರಹಿತ 14ನೇ ಮಾರ್ಗದ ಸುರಕ್ಷತಾ ತಂತ್ರಾಂಶವನ್ನು ಬಿ ವಿಧಾನದ ಪರಿಷ್ಕರಣದಿಂದ ಕಟ್ಟಲಾಯಿತು. ಕರ್ನಾಟಕದಲ್ಲೂ ಈ ಕೆಲಸ ನಡೆದಿದೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೀಪಕ್ ಡಿಸೋಜ ಮತ್ತು ಸಂಗಡಿಗರು ಫ್ರೀಆರ್‌ಟಾಸ್ ಕಾರ್ಯವ್ಯವಸ್ಥೆಯ ಷೆಡ್ಯೂಲರನ್ನು ಪರಿಷ್ಕರಣದ ಮೂಲಕ ಪರಿಶೀಲಿಸಿದ ಲೇಖನವನ್ನು 2015ರಲ್ಲಿ ಪ್ರಕಟಿಸಿದರು.

ಕರಾರು ಬರೆಯದೆ ಬಿಟ್ಟರೆ ಆಗುವುದಕ್ಕೆ 1996ರ ಜೂನ್ 4ರ ಏರಿಯಾನ್ 5 ರಾಕೆಟ್ ಸಾಕ್ಷಿ. ಏರಿಯಾನ್ 4ರಲ್ಲಿ ಚೆನ್ನಾಗಿ ದುಡಿದ ಜಡತ್ವ ಮಾರ್ಗದರ್ಶಿ ತಂತ್ರಾಂಶವನ್ನು ಅದರಲ್ಲಿ ಮರುಬಳಸಿದ್ದರು. ಅಡ್ಡ ವೇಗಕ್ಕೆ ಸಂಬಂಧಿಸಿದ 64 ಬಿಟ್‌ಗಳ ಸಂಖ್ಯೆಯೊಂದು 16 ಬಿಟ್‌ಗಳ ಪೂರ್ಣಾಂಕದಲ್ಲಿ ಹಿಡಿಸುವಷ್ಟು ಚಿಕ್ಕದಿರುತ್ತದೆ ಎಂಬ ಪೂರ್ವಷರತ್ತು ಅದರಲ್ಲಿ ಅಡಗಿತ್ತು, ಆದರೆ ಕೋಡಿನಲ್ಲೆಲ್ಲೂ ಅದನ್ನು ಬರೆದಿರಲಿಲ್ಲ. ಹೊಸ ರಾಕೆಟ್ಟಿನ ಹಾದಿಯಲ್ಲಿ ಆ ಸಂಖ್ಯೆ ಮಿತಿ ಮೀರಿತು, ಹಾರಿದ ಸುಮಾರು 40 ಸೆಕೆಂಡುಗಳಲ್ಲಿ ರಾಕೆಟ್ ನಾಶವಾಯಿತು. ಇಲ್ಲಿ ಘಟಕ ಬದಲಾಗಿರಲಿಲ್ಲ, ಬಳಕೆದಾರ ಬದಲಾಗಿದ್ದ.

ಇಂದು ಇದೇ ಪ್ರಶ್ನೆ ಹೊಸ ಕಡೆಗಳಲ್ಲಿ ಎದ್ದಿದೆ: ಜಾಲದ ಮೇಲೆ ಸಂದೇಶ ವಿನಿಮಯ ಮಾಡುವ ಸೇವೆಗಳಿಗೆ ಸೆಷನ್ ಟೈಪುಗಳು ಬಂದಿವೆ, ಕಲಿತ ಮಾದರಿಯೊಂದರ ಜಾಗದಲ್ಲಿ ಹೊಸ ಆವೃತ್ತಿಯನ್ನಿಡುವಾಗ ಯಾವ ಕರಾರನ್ನು ಪರೀಕ್ಷಿಸಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಈ ವಿಷಯಕ್ಕೆ ಹೊಸದಾಗಿ ಬರುವ ಓದುಗರು ಲಿಸ್ಕೊವ್ ಮತ್ತು ವಿಂಗ್ ಅವರ 1994ರ ಲೇಖನವನ್ನು ಮೊದಲು ಓದಲಿ. ಬಳಿಕ ಮೇಲೆ ಹೇಳಿದ ಗೇಟಿನ ಕರಾರನ್ನು ಡ್ಯಾಫ್ನಿಯಲ್ಲಿ ಬರೆದು, 22 ಅಡಿಗೆ ಏಳುವ ಗೇಟನ್ನು ಅದರ ಸಬ್‌ಟೈಪ್ ಎಂದು ಘೋಷಿಸಿ, ಪರೀಕ್ಷಕ ಅದನ್ನು ಎಲ್ಲಿ ತಡೆಯುತ್ತದೆ ಎಂದು ತಾವೇ ಕಂಡುಕೊಳ್ಳಲಿ.